ಸೀಮಿತ ಹಣದಲ್ಲಿ ಮೊದಲ ಡೆಸ್ಕ್‌ಟಾಪ್: ಭಾಗಗಳ ಆಯ್ಕೆಯ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ಗಣಿತ ಕಲಿಸುವ ಒಬ್ಬ ಶಿಕ್ಷಕಿಗೆ ಸಂಬಂಧಿಸಿದ್ದು. ಪಾಠಗಳನ್ನು ಮೊಬೈಲ್ ಕ್ಯಾಮೆರಾದಲ್ಲಿ ಚಿತ್ರೀಕರಿಸಿ, ಪರದೆಯ ಮೇಲಿನ ಬರವಣಿಗೆಯನ್ನು ಪ್ರತ್ಯೇಕವಾಗಿ ರೆಕಾರ್ಡ್ ಮಾಡಿ, ಎರಡನ್ನೂ ಹೊಂದಿಸಿ 1080ಪಿ ವಿಡಿಯೊಗಳಾಗಿ ಸಂಕಲಿಸುವುದು ಅವರ ಮುಖ್ಯ ಕೆಲಸ. ಜೊತೆಗೆ ಪೈಥಾನ್‌ನಲ್ಲಿ ಚಿಕ್ಕಪುಟ್ಟ ಪ್ರೋಗ್ರಾಂಗಳನ್ನು ಬರೆಯುತ್ತಾರೆ. ಮುಂದೆ ಬ್ಲೆಂಡರ್ ಎಂಬ ತ್ರಿ-ಆಯಾಮದ ಚಿತ್ರಣದ ಸಾಫ್ಟ್‌ವೇರ್ ಕಲಿತು ಘನಾಕೃತಿಗಳನ್ನು ಅನಿಮೇಷನ್‌ನಲ್ಲಿ ತೋರಿಸಬೇಕೆಂಬ ಆಸೆ ಅವರಿಗಿದೆ. ಬಿಡುವಿದ್ದಾಗ ಒಂದೆರಡು ಆಟ ಆಡುವ ಮನಸ್ಸೂ ಇಲ್ಲದಿಲ್ಲ. ಅವರ ಬಳಿ 8 ಜಿಬಿ ರ‍್ಯಾಮ್ ಮತ್ತು ಹಾರ್ಡ್ ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪ್ ಇತ್ತು. ಮಾನಿಟರ್, ಕೀಬೋರ್ಡ್, ಮೌಸ್ ಮೊದಲೇ ಇದ್ದುದರಿಂದ ಅವುಗಳಿಗೆ ಖರ್ಚಿರಲಿಲ್ಲ. ಡೆಸ್ಕ್‌ಟಾಪ್‌ಗೆಂದು ತೆಗೆದಿರಿಸಿದ ಹಣಕ್ಕೆ ಒಂದು ರೂಪಾಯಿಯನ್ನೂ ಆಗ ಸೇರಿಸುವಂತಿರಲಿಲ್ಲ, ಆದರೆ ಒಂದು ವರ್ಷದ ಬಳಿಕ ಇನ್ನೊಂದಿಷ್ಟು ಹಣ ಕೈಗೆ ಬರುವ ನಿರೀಕ್ಷೆ ಇತ್ತು. ಈ ಕೊನೆಯ ಸಂಗತಿಯನ್ನು ಅವರು ಮಾತಿನ ನಡುವೆ ಸುಮ್ಮನೆ ಹೇಳಿ ಬಿಟ್ಟಿದ್ದರು. ಮುಂದಿನ ಆಯ್ಕೆಗಳೆಲ್ಲ ನಿಂತದ್ದು ಅದರ ಮೇಲೆಯೇ.

ಮೊದಲ ಪಟ್ಟಿ ಮತ್ತು ಅದರೊಳಗಿನ ಸರಪಳಿ

ಅವರೇ ತಯಾರಿಸಿಕೊಂಡಿದ್ದ ಪಟ್ಟಿಯಲ್ಲಿ ಎಎಂಡಿ ರೈಜೆನ್ 5 5600 ಪ್ರೊಸೆಸರ್, ಎ520 ಚಿಪ್‌ಸೆಟ್‌ನ (ಬೋರ್ಡಿನ ಸೌಲಭ್ಯಗಳನ್ನು ನಿರ್ಧರಿಸುವ ಚಿಪ್) ಮದರ್‌ಬೋರ್ಡ್, 16 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, 4 ಜಿಬಿ ಮೆಮೊರಿಯ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್, 500 ಜಿಬಿ ಎಸ್‌ಎಸ್‌ಡಿ, ಮುಂಭಾಗಕ್ಕೆ ಗಾಜು ಹಾಕಿ ಬಣ್ಣದ ದೀಪದ ಫ್ಯಾನ್‌ಗಳನ್ನು ಜೋಡಿಸಿದ ಕ್ಯಾಬಿನೆಟ್, ಮತ್ತು ಆ ಕ್ಯಾಬಿನೆಟ್ಟಿನೊಂದಿಗೇ ಬರುವ, ತಯಾರಕರ ಹೆಸರು ಸ್ಪಷ್ಟವಿಲ್ಲದ, ‘600 ವಾಟ್’ ಎಂದು ಬರೆದ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಘಟಕ) ಇದ್ದವು.

ಬಿಡಿಬಿಡಿಯಾಗಿ ನೋಡಿದರೆ ಇದರಲ್ಲಿ ಆಕ್ಷೇಪಿಸುವಂಥದ್ದು ಹೆಚ್ಚಿಲ್ಲ. 5600 ಒಳ್ಳೆಯ ಪ್ರೊಸೆಸರ್; ಆರು ಕೋರ್, ಹನ್ನೆರಡು ಥ್ರೆಡ್, 65 ವಾಟ್, ಪೆಟ್ಟಿಗೆಯಲ್ಲೇ ಕೂಲರ್ ಕೂಡ ಬರುತ್ತದೆ. ಎಲ್ಲ ಭಾಗಗಳೂ ಒಂದರೊಳಗೊಂದು ಕೂರುತ್ತವೆ, ಜೋಡಿಸಿದರೆ ಕಂಪ್ಯೂಟರ್ ಖಂಡಿತ ಚಾಲೂ ಆಗುತ್ತದೆ. ದೋಷ ಇದ್ದದ್ದು ಒಂದು ಆಯ್ಕೆ ಇನ್ನೊಂದನ್ನು ಬಲವಂತ ಮಾಡುತ್ತಾ ಹೋದ ರೀತಿಯಲ್ಲಿ. 5600ರ ಒಳಗೆ ಗ್ರಾಫಿಕ್ಸ್ ಘಟಕವಿಲ್ಲ. ಆದ್ದರಿಂದ ಪರದೆಯ ಮೇಲೆ ಏನಾದರೂ ಕಾಣಿಸಬೇಕೆಂದರೆ ಯಾವುದಾದರೊಂದು ಗ್ರಾಫಿಕ್ಸ್ ಕಾರ್ಡನ್ನು ಅದೇ ದಿನ ಕೊಳ್ಳಲೇಬೇಕು. ಹಣ ಸಾಲದಿರುವುದರಿಂದ ಆ ಕಾರ್ಡ್ ತೀರಾ ಕೆಳಹಂತದ್ದೇ ಆಗುತ್ತದೆ. ಹಾಗೆ ಆರಿಸಿದ 6500 ಎಕ್ಸ್‌ಟಿಯಲ್ಲಿ ವಿಡಿಯೊವನ್ನು ಎಚ್.264 ಅಥವಾ ಎಚ್‌ಇವಿಸಿ ಎಂಬ ಸಂಕುಚಿತ ರೂಪಗಳಿಗೆ ತರುವ ಎನ್‌ಕೋಡರ್ ಯಂತ್ರಾಂಶವೇ ಇಲ್ಲ. ಎಂದರೆ ವಿಡಿಯೊ ಸಂಕಲನವೇ ಮುಖ್ಯ ಕೆಲಸವಾಗಿರುವ ವ್ಯಕ್ತಿ, ಆ ಕೆಲಸಕ್ಕೆ ಅತ್ಯಂತ ಕಡಿಮೆ ಒದಗುವ ಕಾರ್ಡಿಗೆ ತನ್ನ ಹಣದ ದೊಡ್ಡ ಪಾಲನ್ನು ಕೊಡಲು ಹೊರಟಂತಾಗಿತ್ತು. ಸರಪಳಿ ಅಲ್ಲಿಗೂ ಮುಗಿಯುವುದಿಲ್ಲ. ಈ ಕಾರ್ಡ್, ಬೋರ್ಡಿನೊಂದಿಗೆ ದತ್ತಾಂಶ ಸಾಗಿಸುವ ಪಿಸಿಐಇ ಹಾದಿಯ ನಾಲ್ಕೇ ಲೇನ್‌ಗಳನ್ನು ಬಳಸುತ್ತದೆ, ಪಿಸಿಐಇ 4.0 ಇರುವ ಬೋರ್ಡಿನಲ್ಲಿ ಅದಕ್ಕೆ ಸೆಕೆಂಡಿಗೆ ಸುಮಾರು 8 ಜಿಬಿ ಹಾದಿ ಸಿಗುತ್ತದೆ, ಆದರೆ ಎ520 ಬೋರ್ಡ್ ಪಿಸಿಐಇ 3.0ಕ್ಕೆ ಸೀಮಿತವಾದ್ದರಿಂದ ಅದು ಅರ್ಧಕ್ಕಿಳಿಯುತ್ತದೆ. ಕಾರ್ಡಿನ 4 ಜಿಬಿ ಮೆಮೊರಿ ಭರ್ತಿಯಾಗಿ ದತ್ತಾಂಶ ರ‍್ಯಾಮ್‌ನಿಂದ ಓಡಾಡತೊಡಗಿದಾಗ ಈ ಇಕ್ಕಟ್ಟು ಆಟಗಳಲ್ಲಿ ನೇರವಾಗಿ ಅನುಭವಕ್ಕೆ ಬರುತ್ತದೆ.

ಕೆಲಸವನ್ನು ಅಳೆದದ್ದು

ಪಟ್ಟಿಯನ್ನು ತಿದ್ದುವ ಮೊದಲು ಹಳೆಯ ಲ್ಯಾಪ್‌ಟಾಪಿನಲ್ಲಿ ಅವರು ನಿಜವಾಗಿ ಎಲ್ಲಿ ಕಾಯುತ್ತಿದ್ದಾರೆ ಎಂಬುದನ್ನು ನೋಡುವುದು ಅಗತ್ಯವಾಗಿತ್ತು. ಇದಕ್ಕೆ ವಿಶೇಷ ಸಾಧನವೇನೂ ಬೇಕಿಲ್ಲ. ಎಂದಿನ ಕೆಲಸ ನಡೆಯುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡರೆ ಸಾಕು. ಎಡಿಟಿಂಗ್ ಸಾಫ್ಟ್‌ವೇರ್, ಬ್ರೌಸರ್ ಮತ್ತು ಸ್ಕ್ರೀನ್ ರೆಕಾರ್ಡರ್ ಒಟ್ಟಿಗೆ ತೆರೆದಿದ್ದಾಗ ಮೆಮೊರಿ ಪೂರ್ತಿ ಭರ್ತಿಯಾಗಿ, ಮಿಕ್ಕ ದತ್ತಾಂಶ ಹಾರ್ಡ್ ಡಿಸ್ಕಿಗೆ ಹೋಗಿ ಬರುತ್ತಿತ್ತು, ಡಿಸ್ಕಿನ ಬಳಕೆ ಸತತವಾಗಿ ನೂರು ಶೇಕಡಾ ತೋರಿಸುತ್ತಿತ್ತು. ಪ್ರೊಸೆಸರ್ ಪೂರ್ತಿ ದುಡಿಯುತ್ತಿದ್ದದ್ದು ಎರಡು ಸಂದರ್ಭಗಳಲ್ಲಿ ಮಾತ್ರ: ಮೊಬೈಲಿನ ಎಚ್‌ಇವಿಸಿ ವಿಡಿಯೊವನ್ನು ಟೈಮ್‌ಲೈನ್ ಮೇಲೆ ಹಿಂದೆ ಮುಂದೆ ಎಳೆಯುವಾಗ ಮತ್ತು ಮುಗಿದ ವಿಡಿಯೊವನ್ನು ಎಕ್ಸ್‌ಪೋರ್ಟ್ ಮಾಡುವಾಗ.

ಇದರಿಂದ ಬೇಡಿಕೆಯ ಕ್ರಮ ತಿಳಿಯಿತು. ಮೊದಲು ಸಾಕಷ್ಟು ರ‍್ಯಾಮ್, ನಂತರ ವೇಗದ ಎಸ್‌ಎಸ್‌ಡಿ, ಅದಾದ ಮೇಲೆ ಎಚ್‌ಇವಿಸಿ ಮತ್ತು ಎಚ್.264ಗಳನ್ನು ಯಂತ್ರಾಂಶದಲ್ಲೇ ಬಿಚ್ಚಿ ಕಟ್ಟಬಲ್ಲ ವಿಡಿಯೊ ಘಟಕ. ಆಟದ ಸಾಮರ್ಥ್ಯ ಮತ್ತು ಬ್ಲೆಂಡರ್ ರೆಂಡರಿಂಗ್ (ದೃಶ್ಯವನ್ನು ಅಂತಿಮ ಚಿತ್ರವಾಗಿಸುವುದು) ಈ ಸಾಲಿನ ಕೊನೆಗೆ ಹೋದವು. ಮೊದಲ ಪಟ್ಟಿಯಲ್ಲಿ ಹಣ ಹಂಚಿಕೆಯಾಗಿದ್ದದ್ದು ಹೆಚ್ಚುಕಡಿಮೆ ಇದರ ತಲೆಕೆಳಗಾದ ಕ್ರಮದಲ್ಲಿ.

ಕಡಿತ ಮತ್ತು ಮುಂದೂಡಿಕೆ

ಹಣ ಸಾಲದಿದ್ದಾಗ ಎರಡು ದಾರಿಗಳಿರುತ್ತವೆ. ಬೇಕಾದ ಭಾಗದ ಬದಲು ಅದಕ್ಕಿಂತ ಕೆಳಗಿನದನ್ನು ಕೊಳ್ಳಬಹುದು, ಇಲ್ಲವೇ ಆ ಭಾಗವನ್ನು ಈಗ ಕೊಳ್ಳದೆ ಮುಂದೆ ಸರಿಯಾದದ್ದನ್ನೇ ಕೊಳ್ಳಬಹುದು. ಮೊದಲನೆಯದು ಕಡಿತ, ಎರಡನೆಯದು ಮುಂದೂಡಿಕೆ. ಕೆಳದರ್ಜೆಯ ಕಾರ್ಡನ್ನು ವರ್ಷದ ನಂತರ ಬದಲಿಸಿದರೆ ಅದಕ್ಕೆ ಕೊಟ್ಟ ಹಣದ ಬಹುಪಾಲು ಹೋದಂತೆಯೇ. ಈಗ ಕೊಳ್ಳದೇ ಬಿಟ್ಟರೆ ಹಣವೂ ಉಳಿಯುತ್ತದೆ, ಒಂದು ವರ್ಷದ ಬಳಕೆಯಿಂದ ತನಗೆ ಎಂಥ ಕಾರ್ಡ್ ಬೇಕೆಂಬ ತಿಳಿವಳಿಕೆಯೂ ಬರುತ್ತದೆ. ಈ ಎರಡನೆಯ ಲಾಭವನ್ನು ಮೊದಲ ಬಾರಿಗೆ ಕಂಪ್ಯೂಟರ್ ಕಟ್ಟುವವರು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಶಿಕ್ಷಕಿಯವರ ವಿಷಯದಲ್ಲಿ ಅದು ಮುಖ್ಯವಾಗಿತ್ತು. ಬ್ಲೆಂಡರ್‌ನ ಸೈಕಲ್ಸ್ ಎಂಬ ರೆಂಡರಿಂಗ್ ವಿಧಾನ ಅವರಿಗೆ ನಿಜಕ್ಕೂ ಬೇಕಾಗುತ್ತದೆಯೋ, ಅಥವಾ ಎರಡು ತಿಂಗಳಲ್ಲಿ ಆ ಉತ್ಸಾಹ ಇಳಿದು ಆಟದ ಕಡೆಗೇ ಮನಸ್ಸು ಹೋಗುತ್ತದೆಯೋ ಎಂಬುದು ಅವರಿಗೇ ಇನ್ನೂ ಖಚಿತವಿರಲಿಲ್ಲ. ಈ ಎರಡು ಬಳಕೆಗಳಿಗೆ ಒಪ್ಪುವ ಕಾರ್ಡ್‌ಗಳು ಒಂದೇ ಆಗಿರಬೇಕೆಂದೇನೂ ಇಲ್ಲ.

ಆದರೆ ಎಲ್ಲ ಭಾಗಗಳನ್ನೂ ಹೀಗೆ ಮುಂದೂಡಲು ಬರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್, ಎರಡನೆಯ ಎಸ್‌ಎಸ್‌ಡಿ, ಹೆಚ್ಚುವರಿ ಫ್ಯಾನ್, ಉತ್ತಮ ಕೂಲರ್ ಇವೆಲ್ಲ ಮುಂದೆ ಬಂದು ಸೇರಬಲ್ಲವು. ಎಸ್‌ಎಂಪಿಎಸ್, ಮದರ್‌ಬೋರ್ಡ್, ಕ್ಯಾಬಿನೆಟ್‌ಗಳನ್ನು ಮೊದಲ ದಿನವೇ ಕೊಳ್ಳಬೇಕು, ಮತ್ತು ಅವುಗಳನ್ನು ಬದಲಿಸುವುದೆಂದರೆ ಇಡೀ ಯಂತ್ರವನ್ನು ಬಿಚ್ಚುವುದೆಂದೇ ಅರ್ಥ. ಹಾಗಾಗಿ ಈ ಮೂರರಲ್ಲಿ ಕಡಿತ ಮಾಡಿ ಗ್ರಾಫಿಕ್ಸ್ ಕಾರ್ಡಿಗೆ ಹಣ ಹೊಂದಿಸುವುದು, ಅಷ್ಟೇನೂ ವಿರಳವಲ್ಲದ ಈ ಪದ್ಧತಿ, ನನ್ನ ದೃಷ್ಟಿಯಲ್ಲಿ ಸಣ್ಣ ಬಜೆಟ್ಟಿನ ಅತಿ ದೊಡ್ಡ ತಪ್ಪು ಲೆಕ್ಕ. ರ‍್ಯಾಮ್ ನಡುವಿನದು: ಅದು ಮುಂದೂಡಬಹುದಾದ ಭಾಗದಂತೆ ಕಾಣುತ್ತದೆ, ಆದರೆ ಅದರಲ್ಲಿ ತೊಡಕಿದೆ. ಆ ವಿಷಯ ಮುಂದೆ ಬರುತ್ತದೆ.

ಪ್ರೊಸೆಸರ್: ಮೂರು ಅಭ್ಯರ್ಥಿಗಳು

ಗ್ರಾಫಿಕ್ಸ್ ಕಾರ್ಡನ್ನು ಮುಂದೂಡಬೇಕಾದರೆ ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇರಬೇಕು. ಈ ಒಂದು ಷರತ್ತಿನಿಂದ ಆಯ್ಕೆ ಮೂರಕ್ಕೆ ಇಳಿಯಿತು: ರೈಜೆನ್ 5 5600ಜಿ, ಇಂಟೆಲ್ ಕೋರ್ ಐ5-12400, ಮತ್ತು ರೈಜೆನ್ 5 7600. ಮೂರರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್‌ಗಳಿವೆ. ಹೆಸರಿನ ಸಂಖ್ಯೆಗಳನ್ನು ಮಾತ್ರ ನೋಡಿ ಇವುಗಳ ವ್ಯತ್ಯಾಸ ತಿಳಿಯುವುದು ಕಷ್ಟ.

2021ರಲ್ಲಿ ಬಂದ 5600ಜಿ ಮೇಲ್ನೋಟಕ್ಕೆ ಸಹಜ ಉತ್ತರವಾಗಿತ್ತು. ಅದರೊಳಗಿನ ವೇಗಾ ಗ್ರಾಫಿಕ್ಸ್ ಹಗುರವಾದ ಆಟಗಳನ್ನು ಆಡಿಸುತ್ತದೆ, ಬೋರ್ಡ್ ಮತ್ತು ಡಿಡಿಆರ್4 ಪೀಳಿಗೆಯ ರ‍್ಯಾಮ್ ಸುಲಭವಾಗಿ ಸಿಗುತ್ತವೆ. ಆದರೆ ಮುಂದೂಡಿಕೆಗೂ ಒಂದು ಬೆಲೆ ಇರುತ್ತದೆ ಎಂಬುದಕ್ಕೆ ಇದೇ ಪ್ರೊಸೆಸರ್ ಒಳ್ಳೆಯ ಉದಾಹರಣೆ. 5600ರಲ್ಲಿ 32 ಎಂಬಿ ಇರುವ ಎಲ್3 ಕ್ಯಾಶ್, ಎಂದರೆ ಪ್ರೊಸೆಸರಿನೊಳಗಿನ ವೇಗದ ಮೆಮೊರಿ, ಇದರಲ್ಲಿ 16 ಎಂಬಿ ಮಾತ್ರ. ಗ್ರಾಫಿಕ್ಸ್ ಕಾರ್ಡಿಗೆ ಸಿಗುವ ಹಾದಿ ಬೋರ್ಡ್ ಯಾವುದೇ ಆದರೂ ಪಿಸಿಐಇ 3.0. ಅಂದರೆ ಕಾರ್ಡ್ ಇಲ್ಲದಿರುವಾಗ ಉಪಕಾರ ಮಾಡುವ ಈ ಪ್ರೊಸೆಸರ್, ಕಾರ್ಡ್ ಬಂದ ದಿನದಿಂದ ತನ್ನ ಜೊತೆಗಾರನಾದ 5600ಕ್ಕಿಂತ ಹಿಂದೆ ಬೀಳುತ್ತದೆ. ಕಾರ್ಡನ್ನು ಎಂದೂ ಕೊಳ್ಳದವರಿಗೆ ಅದು ಸರಿ. ವರ್ಷದೊಳಗೆ ಕೊಳ್ಳುವ ಯೋಚನೆ ಇರುವವರಿಗೆ ಅಷ್ಟು ಸರಿಯಲ್ಲ.

7600ರ ಪರವಾಗಿ ಹೇಳಬೇಕಾದ್ದು ಬಹಳ ಇದೆ. 2023ರಲ್ಲಿ ಬಂದ ಈ ಪ್ರೊಸೆಸರ್ ಮೂರರಲ್ಲಿ ಎಲ್ಲಕ್ಕಿಂತ ವೇಗದ್ದು. 32 ಎಂಬಿ ಕ್ಯಾಶ್ ಇದೆ, ಪರದೆ ತೋರಿಸಲು ಮತ್ತು ವಿಡಿಯೊ ಬಿಚ್ಚಲು ಸಾಕಾಗುವಷ್ಟು ಚಿಕ್ಕ ಗ್ರಾಫಿಕ್ಸ್ ಘಟಕ ಒಳಗೇ ಇದೆ. ಅದು ಕೂರುವ ಎಎಂ5 ಸಾಕೆಟ್ಟಿಗೆ ಮುಂದೆಯೂ ಹೊಸ ಪ್ರೊಸೆಸರ್‌ಗಳು ಬರುತ್ತವೆಂದು ಎಎಂಡಿ ಹೇಳಿದೆ. ಅದರ ಹಿಂದಿನ ಎಎಂ4 ಸಾಕೆಟ್ಟಿನ ಇತಿಹಾಸ ಈ ಮಾತಿಗೆ ತೂಕ ಕೊಡುತ್ತದೆ, ಏಕೆಂದರೆ 2017ರ ಹಲವು ಎಎಂ4 ಬೋರ್ಡ್‌ಗಳು ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಆದ ಮೇಲೆ 2022ರಲ್ಲಿ ಬಂದ ಪ್ರೊಸೆಸರ್‌ಗಳನ್ನೂ ಓಡಿಸಿದವು. ತೊಡಕು ಒಂದೇ: ಎಎಂ5 ಬೋರ್ಡ್‌ಗಳಲ್ಲಿ ಡಿಡಿಆರ್5 ರ‍್ಯಾಮ್ ಮಾತ್ರ ಕೂರುತ್ತದೆ. ಪಟ್ಟಿ ತಯಾರಿಸಿದ ಸಮಯದಲ್ಲಿ ಬೋರ್ಡ್ ಮತ್ತು ಡಿಡಿಆರ್5 ಸೇರಿ ಎಷ್ಟು ಹೆಚ್ಚು ಹಣ ಕೇಳುತ್ತಿದ್ದವೆಂದರೆ, 7600 ಆರಿಸಿದರೆ 32 ಜಿಬಿಯ ಜಾಗದಲ್ಲಿ 16 ಜಿಬಿಗೆ, 1 ಟಿಬಿ ಎಸ್‌ಎಸ್‌ಡಿಯ ಜಾಗದಲ್ಲಿ 500 ಜಿಬಿಗೆ ಇಳಿಯಬೇಕಾಗುತ್ತಿತ್ತು. ಅಳತೆಯಲ್ಲಿ ಮೊದಲೆರಡು ಸ್ಥಾನ ಪಡೆದ ಅಗತ್ಯಗಳನ್ನೇ ಕತ್ತರಿಸಿ, ನಾಲ್ಕೈದು ವರ್ಷಗಳ ನಂತರ ಪ್ರೊಸೆಸರ್ ಬದಲಿಸುವ ಒಂದು ಸಾಧ್ಯತೆಯನ್ನು ಕೊಂಡಂತೆ ಆಗುತ್ತಿತ್ತು.

ಹೀಗೆ ಆಯ್ಕೆ ಐ5-12400ರ ಮೇಲೆ ನಿಂತಿತು. 2022ರ ಆರಂಭದಲ್ಲಿ ಬಂದ ಇದು ಎಲ್‌ಜಿಎ 1700 ಸಾಕೆಟ್ಟಿನದು, ಬೋರ್ಡ್ ಆರಿಸುವುದರ ಮೇಲೆ ಡಿಡಿಆರ್4 ಅಥವಾ ಡಿಡಿಆರ್5 ಯಾವುದನ್ನಾದರೂ ಬಳಸಬಲ್ಲದು. ಅದರೊಳಗಿನ ಯುಎಚ್‌ಡಿ 730 ಗ್ರಾಫಿಕ್ಸ್ ಆಟಕ್ಕೆ ದುರ್ಬಲ, ಈ ವಿಷಯದಲ್ಲಿ 5600ಜಿಯೇ ಮೇಲು. ಆದರೆ ಕ್ವಿಕ್ ಸಿಂಕ್ ಎಂಬ ಅದರ ವಿಡಿಯೊ ಘಟಕ ಎಚ್.264 ಮತ್ತು ಎಚ್‌ಇವಿಸಿ ಎರಡನ್ನೂ ಬಿಚ್ಚಿ ಕಟ್ಟುತ್ತದೆ, ಶಿಕ್ಷಕಿಯವರು ಬಳಸುತ್ತಿದ್ದ ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಬಳಸಿಕೊಳ್ಳುತ್ತದೆ ಎಂಬುದನ್ನು ಮೊದಲೇ ಪರಿಶೀಲಿಸಲಾಗಿತ್ತು. ಈ ಪರಿಶೀಲನೆ ಬಿಡುವಂಥದ್ದಲ್ಲ: ಯಂತ್ರಾಂಶ ಇದ್ದರೂ ಸಾಫ್ಟ್‌ವೇರ್ ಅದನ್ನು ಮುಟ್ಟದಿದ್ದರೆ ಇದ್ದೂ ಇಲ್ಲದಂತೆ. ಇದೇ ಪ್ರೊಸೆಸರಿನ 12400ಎಫ್ ಎಂಬ ರೂಪ ತುಸು ಅಗ್ಗವಾಗಿ ಸಿಗುತ್ತದೆ, ಆದರೆ ಕೊನೆಯ ಆ ‘ಎಫ್’ ಅಕ್ಷರದ ಅರ್ಥ ಗ್ರಾಫಿಕ್ಸ್ ಇಲ್ಲ ಎಂದು. ಅದನ್ನು ತಂದರೆ ಮತ್ತೆ ಮೊದಲ ಪಟ್ಟಿಯ ಸರಪಳಿಗೇ ಮರಳಬೇಕು.

ಎಲ್‌ಜಿಎ 1700 ಮುಂದುವರಿಯುವ ಸಾಕೆಟ್ ಅಲ್ಲ. 2024ರಲ್ಲಿ ಇಂಟೆಲ್ ಎಲ್‌ಜಿಎ 1851ಕ್ಕೆ ಹೋಯಿತು. ಆದರೂ ಅದೇ ಬೋರ್ಡಿನಲ್ಲಿ 13 ಮತ್ತು 14ನೇ ಪೀಳಿಗೆಯ ಹೆಚ್ಚು ಕೋರ್‌ಗಳ ಪ್ರೊಸೆಸರ್‌ಗಳು ಕೂರುತ್ತವೆಯಾದ್ದರಿಂದ ಮುಂದಿನ ದಾರಿ ಪೂರ್ತಿ ಮುಚ್ಚಿಲ್ಲ. ಆ ಪೀಳಿಗೆಗಳ ಹಲವು ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಮಿತಿ ಮೀರಿ ಅಸ್ಥಿರತೆ ಕಾಣಿಸಿಕೊಂಡು, 2024ರಲ್ಲಿ ಇಂಟೆಲ್ ಮೈಕ್ರೋಕೋಡ್ (ಪ್ರೊಸೆಸರಿನೊಳಗಿನ ಸೂಚನೆಗಳ) ತಿದ್ದುಪಡಿಗಳನ್ನು ಬಿಡುಗಡೆ ಮಾಡಬೇಕಾಯಿತು. ಆದ್ದರಿಂದ ಅಂಥದ್ದನ್ನು ಮುಂದೆ ಕೂರಿಸುವುದಾದರೆ ಅದಕ್ಕೂ ಮೊದಲು ಬಯಾಸ್ ಅಪ್‌ಡೇಟ್ ಮಾಡಬೇಕು. 12ನೇ ಪೀಳಿಗೆಗೆ ಈ ತೊಂದರೆ ಇಲ್ಲ.

ಬೋರ್ಡ್ ಮತ್ತು ರ‍್ಯಾಮ್

12400 ಕೂರುವ ಅತ್ಯಂತ ಅಗ್ಗದ ಬೋರ್ಡ್‌ಗಳು ಎಚ್610 ಚಿಪ್‌ಸೆಟ್ಟಿನವು. ಅವುಗಳಲ್ಲಿ ರ‍್ಯಾಮ್‌ಗೆ ಎರಡೇ ಸ್ಲಾಟ್‌ಗಳಿರುತ್ತವೆ, ಮತ್ತು ಪ್ರೊಸೆಸರಿನಿಂದ ನೇರವಾಗಿ ಎಂ.2 (ಬೋರ್ಡಿನ ಮೇಲೇ ಕೂರುವ ತೆಳು ಆಕಾರದ) ಎಸ್‌ಎಸ್‌ಡಿಗೆ ಹೋಗುವ ಪಿಸಿಐಇ 4.0 ಹಾದಿ ಅವುಗಳಲ್ಲಿ ಸಿಗುವುದಿಲ್ಲ. ಬಿ660 ಅಥವಾ ಬಿ760 ಚಿಪ್‌ಸೆಟ್ಟಿನ, ನಾಲ್ಕು ರ‍್ಯಾಮ್ ಸ್ಲಾಟ್ ಮತ್ತು ಎರಡು ಎಂ.2 ಸ್ಲಾಟ್ ಇರುವ, ಪ್ರೊಸೆಸರಿಗೆ ವಿದ್ಯುತ್ ಕೊಡುವ ವಿಆರ್‌ಎಂ ಭಾಗದ ಮೇಲೆ ಲೋಹದ ಹೀಟ್‌ಸಿಂಕ್ ಹಾಕಿರುವ ಮೈಕ್ರೋ ಎಟಿಎಕ್ಸ್ ಬೋರ್ಡನ್ನು ಆರಿಸಿ, ಅದರ ಡಿಡಿಆರ್4 ರೂಪವೇ ಕೈಗೆ ಬರುತ್ತಿದೆಯೇ ಎಂದು ಹೆಸರಿನ ಕೊನೆಯ ಅಕ್ಷರಗಳವರೆಗೂ ಓದಿ ನೋಡಲಾಯಿತು. ಒಂದೇ ಹೆಸರಿನ ಬೋರ್ಡ್ ಎರಡೂ ಬಗೆಯ ರ‍್ಯಾಮ್‌ಗೆ ಬೇರೆಬೇರೆ ರೂಪದಲ್ಲಿ ಬರುವುದುಂಟು. ಡಿಡಿಆರ್4 ಸ್ಟಿಕ್ ಡಿಡಿಆರ್5 ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಬೋರ್ಡಿನಲ್ಲಿ ವೈ-ಫೈ ಇರುವುದು ಮೊದಲ ಪಟ್ಟಿಯಲ್ಲಿ ಯಾರೂ ನೆನೆಸದೇ ಇದ್ದ ವಿಷಯ. ಡೆಸ್ಕ್‌ಟಾಪ್ ಇಡುವ ಕೋಣೆಗೆ ನೆಟ್‌ವರ್ಕ್ ಕೇಬಲ್ ಬರುವುದಿಲ್ಲ ಎಂದು ತಿಳಿದ ಮೇಲೆ ವೈ-ಫೈ ಇರುವ ರೂಪಕ್ಕೆ ಬದಲಾಯಿಸಲಾಯಿತು. ವಿಂಡೋಸ್ ಲೈಸೆನ್ಸ್ ಕೂಡ ಹೀಗೇ ತಡವಾಗಿ ಪಟ್ಟಿಗೆ ಸೇರಿತು. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ವಿಂಡೋಸ್ 11 ಅನ್ನೇ ಗಮನದಲ್ಲಿಟ್ಟುಕೊಳ್ಳಬೇಕಿತ್ತು. ಅದು ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಈ ಬೋರ್ಡ್‌ಗಳ ಫರ್ಮ್‌ವೇರಿನಲ್ಲೇ ಇದೆ.

ರ‍್ಯಾಮ್ ವಿಷಯದಲ್ಲಿ ಶಿಕ್ಷಕಿಯವರ ಪ್ರಶ್ನೆ ಸರಳವಾಗಿತ್ತು: ಈಗ 16 ಜಿಬಿಯ ಒಂದು ಸ್ಟಿಕ್ ಹಾಕಿ ಮುಂದಿನ ವರ್ಷ ಇನ್ನೊಂದನ್ನು ಸೇರಿಸಬಾರದೇಕೆ? ಮುಂದೂಡಿಕೆಯ ತತ್ವವನ್ನೇ ಅವರು ಇಲ್ಲಿ ಅನ್ವಯಿಸುತ್ತಿದ್ದರು, ಆದ್ದರಿಂದ ಇದಕ್ಕೆ ಸರಿಯಾದ ಉತ್ತರ ಬೇಕಿತ್ತು. ಒಂದು ಸ್ಟಿಕ್ ಇದ್ದಾಗ ಪ್ರೊಸೆಸರಿನ ಎರಡು ಮೆಮೊರಿ ಚಾನೆಲ್‌ಗಳಲ್ಲಿ ಒಂದು ಮಾತ್ರ ಕೆಲಸ ಮಾಡುತ್ತದೆ. ಡಿಡಿಆರ್4-3200ರ ಒಂದು ಚಾನೆಲ್ ಸೆಕೆಂಡಿಗೆ 25.6 ಜಿಬಿ ಸಾಗಿಸಿದರೆ, ಎರಡು ಸೇರಿ 51.2 ಜಿಬಿ ಸಾಗಿಸುತ್ತವೆ. ಬೇರೆ ಕಾರ್ಡ್ ಇರುವ ಯಂತ್ರದಲ್ಲಿ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗದಿರಬಹುದು. ಒಳಗಿನ ಗ್ರಾಫಿಕ್ಸ್ ಘಟಕಕ್ಕೆ ಸ್ವಂತ ಮೆಮೊರಿ ಇಲ್ಲದೆ ಇದೇ ರ‍್ಯಾಮನ್ನು ಹಂಚಿಕೊಳ್ಳುವ ಯಂತ್ರದಲ್ಲಿ, ಅದೂ ಕಾರ್ಡ್ ಇಲ್ಲದ ಮೊದಲ ವರ್ಷದಲ್ಲಿ, ಅದು ಪೂರ್ತಿಯಾಗಿ ತಾಕುತ್ತದೆ. ಜೊತೆಗೆ, ಬೇರೆಬೇರೆ ಸಮಯದಲ್ಲಿ ಕೊಂಡ ಸ್ಟಿಕ್‌ಗಳು ಒಂದೇ ಹೆಸರಿನವಾದರೂ ಒಳಗಿನ ಚಿಪ್ ಬೇರೆಯಾಗಿರುವ ಸಾಧ್ಯತೆ ಇದೆ; ಆಗ ಘೋಷಿತ ವೇಗದಲ್ಲಿ ಅವು ಒಟ್ಟಿಗೆ ನಿಲ್ಲುತ್ತವೆಂಬ ಖಾತ್ರಿಯಿಲ್ಲ. ಕೊನೆಗೆ ಒಂದೇ ಪೆಟ್ಟಿಗೆಯಲ್ಲಿ ಜೋಡಿಯಾಗಿ ಬರುವ 16 ಜಿಬಿಯ ಎರಡು ಸ್ಟಿಕ್‌ಗಳನ್ನು ಕೊಂಡದ್ದು ಈ ಕಾರಣಕ್ಕೆ.

ವೇಗದ ಬಗ್ಗೆಯೂ ಒಂದು ಲೆಕ್ಕ ಮಾಡಬೇಕಾಯಿತು. 3600ರ ಜೋಡಿ 3200ರದ್ದಕ್ಕಿಂತ ಮೇಲೆಂದು ಅಂಕಿ ಹೇಳುತ್ತದೆ. ಆದರೆ ಸಿಎಲ್ (ಮೆಮೊರಿ ಉತ್ತರಿಸುವವರೆಗೆ ಕಾಯುವ ಚಕ್ರಗಳ) ಸಂಖ್ಯೆಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಬರುವ ನ್ಯಾನೊಸೆಕೆಂಡ್‌ಗಳನ್ನು ನೋಡಿದಾಗ, ಸಿಎಲ್16 ಇರುವ 3200 ಮತ್ತು ಸಿಎಲ್18 ಇರುವ 3600 ಎರಡಕ್ಕೂ 10 ನ್ಯಾನೊಸೆಕೆಂಡ್ ಬರುತ್ತದೆ; 3600ಕ್ಕೆ ಉಳಿಯುವುದು ತುಸು ಹೆಚ್ಚಿನ ಸಾಗಣೆ ಮಾತ್ರ. ಅದರ ಮೇಲೆ, ಕೊನೆಯಲ್ಲಿ ‘ಕೆ’ ಇಲ್ಲದ 12ನೇ ಪೀಳಿಗೆಯ ಪ್ರೊಸೆಸರ್‌ಗಳಲ್ಲಿ ಮೆಮೊರಿ ನಿಯಂತ್ರಕಕ್ಕೆ ಸಂಬಂಧಿಸಿದ ವೋಲ್ಟೇಜನ್ನು ಬದಲಿಸಲು ಅವಕಾಶವಿಲ್ಲದ್ದರಿಂದ 3600 ಒಂದೊಂದು ಪ್ರೊಸೆಸರಿನಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ. 12400ಕ್ಕೆ ಇಂಟೆಲ್ ಅಧಿಕೃತವಾಗಿ ಹೇಳುವ ಡಿಡಿಆರ್4 ವೇಗವೂ 3200ರದ್ದೇ. ಮೆಮೊರಿಯ ಬೆಲೆ ಚಿನ್ನದ ಬೆಲೆಯಂತೆ ಏರಿಳಿಯುತ್ತದೆ, ಆದ್ದರಿಂದ ಡಿಡಿಆರ್4 ಮತ್ತು ಡಿಡಿಆರ್5 ನಡುವಿನ ಈ ಇಡೀ ತೂಗುವಿಕೆಯನ್ನು ಕೊಳ್ಳುವ ವಾರದಲ್ಲಿ ಮತ್ತೊಮ್ಮೆ ಮಾಡಬೇಕು; ಬೇರೆ ಸಮಯದಲ್ಲಿ ಇದೇ ತರ್ಕ 7600ರ ಕಡೆಗೆ ಬಾಗಬಹುದು.

ಎಸ್‌ಎಸ್‌ಡಿ

ಇಲ್ಲಿ ಹೆಚ್ಚು ಹೇಳುವುದಿಲ್ಲ. 1 ಟಿಬಿಯ, ಟಿಎಲ್‌ಸಿ (ಪ್ರತಿ ಕೋಶದಲ್ಲಿ ಮೂರು ಬಿಟ್ ಇಡುವ) ಮಾದರಿಯ, ಎನ್‌ವಿಎಂಇ (ಪಿಸಿಐಇ ಹಾದಿ ಬಳಸುವ) ಎಸ್‌ಎಸ್‌ಡಿ ಆರಿಸಲಾಯಿತು. ಹಳೆಯ ಸಾಟಾ ಹಾದಿಯ ಎಸ್‌ಎಸ್‌ಡಿಯ ಸೆಕೆಂಡಿಗೆ 550 ಎಂಬಿಗೆ ಹೋಲಿಸಿದರೆ ಪಿಸಿಐಇ 3.0 ಎನ್‌ವಿಎಂಇ 3500 ಎಂಬಿವರೆಗೆ, 4.0 ಸುಮಾರು 7000 ಎಂಬಿವರೆಗೆ ಓದುತ್ತದೆ. ಆದರೆ ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದಾಗ ಆಗುವ ಬದಲಾವಣೆಯ ಎದುರು ಎಸ್‌ಎಸ್‌ಡಿಗಳ ನಡುವಿನ ಈ ವ್ಯತ್ಯಾಸ 1080ಪಿ ಸಂಕಲನದಲ್ಲಿ ಕಣ್ಣಿಗೆ ಬೀಳುವುದು ಕಡಿಮೆ. ಆದ್ದರಿಂದ ಅತ್ಯಂತ ವೇಗದ್ದಕ್ಕೆ ಹಣ ಕೊಡದೆ ಗಾತ್ರಕ್ಕೆ ಕೊಡಲಾಯಿತು. ಎಂ.2 ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿಗಳೂ ಬರುವುದರಿಂದ ಆಕಾರ ನೋಡಿ ಎನ್‌ವಿಎಂಇ ಎಂದು ಭಾವಿಸಬಾರದು. ಕೆಲವು ಬೋರ್ಡ್‌ಗಳಲ್ಲಿ ಒಂದು ಎಂ.2 ಸ್ಲಾಟ್ ತುಂಬಿದರೆ ಒಂದು ಸಾಟಾ ಪೋರ್ಟ್ ನಿಲ್ಲುತ್ತದೆ, ಇದು ಬೋರ್ಡಿನ ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ.

ಎಸ್‌ಎಂಪಿಎಸ್

ಮೊದಲ ಪಟ್ಟಿಯಲ್ಲಿ ಪುಕ್ಕಟೆಯಂತೆ ಕಂಡದ್ದು ಕ್ಯಾಬಿನೆಟ್ ಜೊತೆಗಿನ ಎಸ್‌ಎಂಪಿಎಸ್. ಅದರ ಮೇಲಿನ ‘600 ವಾಟ್’ ಎಂಬ ಸಂಖ್ಯೆಯನ್ನು ನಂಬುವ ಮೊದಲು ಪಕ್ಕದ ಲೇಬಲ್ ಓದಬೇಕು. ಈಗಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ಗಳು ತಮ್ಮ ಹೆಚ್ಚಿನ ವಿದ್ಯುತ್ತನ್ನು 12 ವೋಲ್ಟ್ ಹಾದಿಯಿಂದಲೇ ಪಡೆಯುತ್ತವೆ. ಆದ್ದರಿಂದ ಆ ಹಾದಿಯ ಆಂಪಿಯರ್‌ಗಳನ್ನು 12ರಿಂದ ಗುಣಿಸಿದರೆ ಬರುವ ವಾಟ್ ಮೊತ್ತ ಮುಖ್ಯ. 45 ಆಂಪಿಯರ್ ಇದ್ದರೆ 540 ವಾಟ್. ಅಂಥ ಎಸ್‌ಎಂಪಿಎಸ್‌ಗೆ 550 ಎಂಬ ಹೆಸರು ಒಪ್ಪುತ್ತದೆ. ಲೇಬಲ್‌ನಲ್ಲಿ 12 ವೋಲ್ಟ್‌ನ ಲೆಕ್ಕ ಹೆಸರಿನ ಸಂಖ್ಯೆಗಿಂತ ತೀರಾ ಕೆಳಗಿದ್ದರೆ ಉಳಿದ ವಾಟ್‌ಗಳು ಈ ಯಂತ್ರಕ್ಕೆ ಉಪಯೋಗಕ್ಕೆ ಬಾರದ ಕಡೆ ಇವೆ ಎಂದೇ ಅರ್ಥ.

ಎಷ್ಟು ಬೇಕೆಂಬ ಲೆಕ್ಕವನ್ನು ಇಂದಿನ ಯಂತ್ರಕ್ಕಲ್ಲದೆ ಮುಂದಿನ ವರ್ಷದ ಯಂತ್ರಕ್ಕೆ ಹಾಕಲಾಯಿತು. 12400 ಅತ್ಯಧಿಕ ಹೊರೆಯಲ್ಲಿ 117 ವಾಟ್ ಎಳೆಯುತ್ತದೆ. ಮುಂದೆ ಬರಬಹುದಾದ ಕಾರ್ಡಿಗೆ, ಉದಾಹರಣೆಗೆ 12 ಜಿಬಿಯ ಜಿಫೋರ್ಸ್ ಆರ್‌ಟಿಎಕ್ಸ್ 3060ಕ್ಕೆ, 170 ವಾಟ್ ಬೇಕು. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆಂದು 50 ವಾಟ್ ಸೇರಿಸಿದರೆ 337 ವಾಟ್. ಕಾರ್ಡ್‌ಗಳು ಕ್ಷಣಮಾತ್ರ ಇದಕ್ಕಿಂತ ಹೆಚ್ಚು ಎಳೆಯುವುದುಂಟು. ಅದಕ್ಕೂ ಜಾಗ ಬಿಟ್ಟು 550 ವಾಟ್ ಎಂದು ನಿರ್ಧರಿಸಲಾಯಿತು. ಆ ಕಾರ್ಡಿಗೆ ಎನ್‌ವಿಡಿಯಾ ಸೂಚಿಸುವ ಎಸ್‌ಎಂಪಿಎಸ್ ಸಾಮರ್ಥ್ಯವೂ 550 ವಾಟ್‌ನದ್ದೇ.

80 ಪ್ಲಸ್ ಬ್ರಾಂಜ್ ಮುದ್ರೆ ಇರುವುದನ್ನು ಆರಿಸಿದರೂ ಆ ಮುದ್ರೆಯನ್ನೇ ಗುಣಮಟ್ಟದ ಪ್ರಮಾಣವೆಂದು ತಿಳಿಯಬಾರದು. ಅದು ಅಳೆಯುವುದು ದಕ್ಷತೆಯನ್ನು: 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಹೊರೆಯಿರುವಾಗ ಬ್ರಾಂಜ್ 85 ಶೇಕಡಾ ದಕ್ಷತೆ ತೋರಿಸಬೇಕು. ವೋಲ್ಟೇಜ್ ಏರಿದಾಗ, ಶಾರ್ಟ್ ಆದಾಗ, ಹೊರೆ ಮೀರಿದಾಗ ತಾನಾಗಿ ಆಫ್ ಆಗಿ ಉಳಿದ ಭಾಗಗಳನ್ನು ಕಾಪಾಡುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ವಿವರಪತ್ರದಲ್ಲಿರುವ ರಕ್ಷಣೆಗಳ ಪಟ್ಟಿ, ಎಸ್‌ಎಂಪಿಎಸ್ ಬಿಚ್ಚಿ ನೋಡಿ ಬರೆದ ಸ್ವತಂತ್ರ ವಿಮರ್ಶೆಗಳು, ಮತ್ತು ತಯಾರಕರು ಎಷ್ಟು ವರ್ಷ ವಾರಂಟಿ ಕೊಡುತ್ತಾರೆ ಎಂಬುದನ್ನು ನೋಡಬೇಕು. ಗ್ರಾಫಿಕ್ಸ್ ಕಾರ್ಡನ್ನೋ ಪ್ರೊಸೆಸರನ್ನೋ ಪರೀಕ್ಷಿಸಿ ಸೆಕೆಂಡ್ ಹ್ಯಾಂಡ್ ಕೊಳ್ಳಲು ನನ್ನ ವಿರೋಧವಿಲ್ಲ, ಎಸ್‌ಎಂಪಿಎಸ್‌ಗೆ ಮಾತ್ರ ಇದೆ: ಕೆಟ್ಟರೆ ಅದು ಒಂದೇ ಕೆಡುವುದಿಲ್ಲ.

ಕ್ಯಾಬಿನೆಟ್ ಬದಲಾದದ್ದು ಇದರ ಜೊತೆಯಲ್ಲೇ. ಗಾಜಿನ ಮುಂಭಾಗದ ಬದಲು ಗಾಳಿ ಆಡುವ ಜಾಲರಿಯ ಮುಂಭಾಗ, ಮುಂದೊಂದು ಹಿಂದೊಂದು 120 ಮಿಮೀ ಫ್ಯಾನ್, 244 ಮಿಮೀ ಚೌಕದ ಮೈಕ್ರೋ ಎಟಿಎಕ್ಸ್ ಬೋರ್ಡಿಗೆ ಜಾಗ. ಬಣ್ಣದ ದೀಪಗಳು ಪಟ್ಟಿಯಿಂದ ಹೋದದ್ದಕ್ಕೆ ಶಿಕ್ಷಕಿಯವರಿಗೆ ಸ್ವಲ್ಪ ಬೇಸರವಾಯಿತು. ಕೂಲರ್ ಪ್ರೊಸೆಸರ್ ಜೊತೆ ಬಂದದ್ದೇ ಸಾಕೆಂದು ತೀರ್ಮಾನಿಸಿ, ಸದ್ದು ತೊಂದರೆಯೆನಿಸಿದರೆ ಮಾತ್ರ ಬದಲಿಸುವುದೆಂದು ಮುಂದೂಡಲಾಯಿತು.

ಜೋಡಣೆ ಮತ್ತು ಪರಿಶೀಲನೆ

ಕ್ಯಾಬಿನೆಟ್ಟಿನೊಳಗೆ ಕೂರಿಸುವ ಮೊದಲು ಬೋರ್ಡನ್ನು ಅದರದೇ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಪ್ರೊಸೆಸರ್, ಕೂಲರ್, ರ‍್ಯಾಮ್ ಮತ್ತು ವಿದ್ಯುತ್ತಿನ ಎರಡು ಕೇಬಲ್‌ಗಳನ್ನಷ್ಟೇ ಹಾಕಿ ಚಾಲೂ ಮಾಡಿ ನೋಡಲಾಯಿತು. ಎಲ್‌ಜಿಎ ಸಾಕೆಟ್ಟಿನಲ್ಲಿ ಪಿನ್‌ಗಳು ಬೋರ್ಡಿನ ಮೇಲೇ ಇರುವುದರಿಂದ ಪ್ರೊಸೆಸರನ್ನು ಒತ್ತದೆ, ಗುರುತು ಹೊಂದಿಸಿ ಮೇಲಿನಿಂದ ಬಿಟ್ಟರೆ ಸಾಕು. ಒಂದು ಪಿನ್ ಬಾಗಿದರೂ ಬೋರ್ಡ್ ಹೋದಂತೆ. ಪರದೆ ಬಂತು, ಆದರೆ ಬಯಾಸ್‌ನಲ್ಲಿ ರ‍್ಯಾಮ್ ಒಂದೇ ಚಾನೆಲ್‌ನಲ್ಲಿ, 2133ರ ವೇಗದಲ್ಲಿ ಓಡುತ್ತಿರುವುದು ಕಂಡಿತು. ಕಾರಣಗಳು ಎರಡು. ಸ್ಟಿಕ್‌ಗಳನ್ನು ಅಕ್ಕಪಕ್ಕದ ಸ್ಲಾಟ್‌ಗಳಲ್ಲಿ ಹಾಕಲಾಗಿತ್ತು. ನಾಲ್ಕು ಸ್ಲಾಟ್‌ಗಳ ಬೋರ್ಡಿನಲ್ಲಿ ಜೋಡಿ ಹಾಕಬೇಕಾದ್ದು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ. ಸ್ಥಾನ ಬದಲಿಸಿದ ಮೇಲೂ ವೇಗ ಏರಲಿಲ್ಲ, ಏಕೆಂದರೆ ಪೆಟ್ಟಿಗೆಯ ಮೇಲೆ ಬರೆದ 3200 ತಾನಾಗಿ ಬರುವುದಿಲ್ಲ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆನ್ ಮಾಡಬೇಕು. ಈ ಒಂದು ಆಯ್ಕೆಯನ್ನು ಮುಟ್ಟದೆಯೇ ವರ್ಷಗಟ್ಟಲೆ ಓಡುವ ಯಂತ್ರಗಳು ಎಷ್ಟೋ ಇರಬೇಕು.

ನಂತರ ಮೆಮ್‌ಟೆಸ್ಟ್86ನಿಂದ ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸಿ, ದೋಷ ಬಾರದಿದ್ದಾಗ ವಿಂಡೋಸ್ ಹಾಕಲಾಯಿತು. ದೀರ್ಘವಾದ ಎಕ್ಸ್‌ಪೋರ್ಟ್ ನಡೆಯುವಾಗ ಪ್ರೊಸೆಸರಿನ ತಾಪಮಾನ ಅದರ ಮಿತಿಯಾದ 100 ಡಿಗ್ರಿಗಿಂತ ಸಾಕಷ್ಟು ಕೆಳಗೇ ನಿಂತಿತು. ಹಳೆಯ ಲ್ಯಾಪ್‌ಟಾಪಿನಲ್ಲಿ ತಡೆಯುತ್ತಿದ್ದ ಟೈಮ್‌ಲೈನ್ ಈಗ ಎಳೆದಂತೆ ಸಾಗುತ್ತದೆ. ಮೂರೂ ಪ್ರೋಗ್ರಾಂಗಳು ತೆರೆದಿದ್ದಾಗಲೂ ಮೆಮೊರಿಯಲ್ಲಿ ಜಾಗ ಉಳಿಯುತ್ತದೆ. ಆಟಗಳ ಮಟ್ಟಿಗೆ ಹೇಳುವುದಾದರೆ ಹಳೆಯವು ಮತ್ತು ಹಗುರವಾದವು ನಡೆಯುತ್ತವೆ, ಹೊಸವು ನಡೆಯುವುದಿಲ್ಲ. ಇದು ಮೊದಲೇ ಒಪ್ಪಿಕೊಂಡ ಕೊರತೆ.

ಖಾಲಿ ಇರುವ ಎಕ್ಸ್16 ಸ್ಲಾಟಿಗೆ ಯಾವ ಕಾರ್ಡ್ ಬರಬೇಕೆಂಬುದನ್ನು ಈಗ ನಿರ್ಧರಿಸಿಲ್ಲ, ಆದರೆ ಅದರ ಷರತ್ತುಗಳನ್ನು ಬೋರ್ಡಿನ ಕೈಪಿಡಿಯ ಒಳರಟ್ಟಿನ ಮೇಲೆ ಬರೆದಿಡಲಾಗಿದೆ. ಕಾರ್ಡಿನ ಉದ್ದ ಕ್ಯಾಬಿನೆಟ್ ಹೇಳುವ ಮಿತಿಯೊಳಗಿರಬೇಕು. ಒಂದು ಎಂಟು ಪಿನ್ ಕೇಬಲ್ ಕೊಡುವ 150 ವಾಟ್ ಮತ್ತು ಸ್ಲಾಟ್ ಕೊಡುವ 75 ವಾಟ್‌ಗಳೊಳಗೆ ಅದರ ಬೇಡಿಕೆ ಮುಗಿಯಬೇಕು. ಮೆಮೊರಿ 8 ಜಿಬಿಗಿಂತ ಕಡಿಮೆ ಇರಬಾರದು. ಅಷ್ಟರೊಳಗೆ ಬ್ಲೆಂಡರ್ ಪಾಠಗಳು ಸೈಕಲ್ಸ್ ರೆಂಡರಿಂಗ್‌ವರೆಗೆ ಬಂದಿದ್ದರೆ ರೆಂಡರಿಂಗನ್ನು ವೇಗಗೊಳಿಸುವ ಆಪ್ಟಿಕ್ಸ್ ಬಳಸಬಲ್ಲ ಎನ್‌ವಿಡಿಯಾ ಆರ್‌ಟಿಎಕ್ಸ್ ಕಾರ್ಡ್‌ಗಳನ್ನು, ಸಾಧ್ಯವಾದರೆ 12 ಜಿಬಿಯದ್ದನ್ನು, ಮೊದಲು ನೋಡಬೇಕು. ಆಟವೇ ಮುಖ್ಯವಾಗಿದ್ದರೆ ಅದೇ ಹಣಕ್ಕೆ ಹೆಚ್ಚು ಫ್ರೇಮ್ ಕೊಡುವ ಕಾರ್ಡ್, ತಯಾರಕರು ಯಾರೇ ಆಗಲಿ.